ತಗಡಿನ ಮೇಲಿನ ಮಳೆ, ಎಂಟು ಮಾತ್ರೆಯ ತಾಳ: ನೆರೆ ಕಂಡ ಹುಡುಗನೊಬ್ಬನ ಪ್ರಕರಣ

2019ರ ಅಕ್ಟೋಬರ್. ನರಗುಂದ ತಾಲೂಕಿನಲ್ಲಿ ಮಲಪ್ರಭೆ ದಂಡೆಯ ಒಂದು ಊರು. ಹುಡುಗನಿಗೆ ಎಂಟು ವರ್ಷ, ಮೂರನೇ ಇಯತ್ತೆ. ಎರಡು ತಿಂಗಳಿಂದ ಶಾಲೆಯಲ್ಲಿ ಒಂದು ಮಾತೂ ಆಡಿರಲಿಲ್ಲ. ಹಾಜರಿ ಕರೆದರೆ ಕೈ ಎತ್ತುತ್ತಿದ್ದ, ಅಷ್ಟೇ. ಮೋಡ ಕಪ್ಪಾದರೆ ಗೋಡೆಯ ಮೂಲೆಗೆ ಹೋಗಿ ಎರಡೂ ಕಿವಿ ಮುಚ್ಚಿಕೊಂಡು ಕೂತುಬಿಡುತ್ತಿದ್ದ. ಮನೆಯಲ್ಲಿ ರಾತ್ರಿ ಹಾಸಿಗೆ ಒದ್ದೆಯಾಗುತ್ತಿತ್ತು. ನಿದ್ದೆಯಲ್ಲಿ ಎದ್ದು ಕೂರುತ್ತಿದ್ದ. ಆಯಿಯ, ಅಂದರೆ ಅಜ್ಜಿಯ, ಸೆರಗು ಬಿಟ್ಟು ಒಂದು ಹೆಜ್ಜೆ ಆಚೆ ಹೋಗುತ್ತಿರಲಿಲ್ಲ.

ನಾನು ಅದೇ ಶಾಲೆಯ ಶಿಕ್ಷಕಿ. ಮನೆಯವರನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ. ಹೆಸರು ಬೇಡ. ಇಲ್ಲಿ ಅವನು ತಮ್ಮ. ನಾವೆಲ್ಲ ಅವನನ್ನು ಕರೆಯುವುದೂ ಹಾಗೇ.

ಆ ರಾತ್ರಿ

ಆ ವರ್ಷ ಆಗಸ್ಟ್ 5ಕ್ಕೆ ನಾಗರ ಪಂಚಮಿ. ಹಬ್ಬ ಮುಗಿದು ಎರಡು ಮೂರು ದಿನ ಆಗಿತ್ತು. ಡಬ್ಬಿಯಲ್ಲಿ ಉಂಡಿ ಇನ್ನೂ ಇದ್ದವು, ಬೇವಿನ ಗಿಡಕ್ಕೆ ಕಟ್ಟಿದ ಜೋಕಾಲಿ ಬಿಚ್ಚಿರಲಿಲ್ಲ. ಮೇಲೆ ಖಾನಾಪುರದ ಕಡೆ ಮಳೆ ಹಿಡಿದಿತ್ತು. ನವಿಲುತೀರ್ಥ ಡ್ಯಾಂ ತುಂಬಿ ನೀರು ಬಿಟ್ಟರು. ಇತ್ತ ಬೆಣ್ಣಿಹಳ್ಳವೂ ಏರಿತು. ಕೊಣ್ಣೂರಿನ ಹತ್ತಿರ ಹೆದ್ದಾರಿ ಬಂದ್ ಆಯಿತು.

ತಮ್ಮನ ಅಪ್ಪ, ಅವ್ವ ದುಡಿಯಲು ಗೋವಾಕ್ಕೆ ಹೋಗಿದ್ದರು. ಮನೆಯಲ್ಲಿ ಅಜ್ಜ, ಆಯಿ, ಅವನು. ರಾತ್ರಿ ನೀರು ಹೊಸ್ತಿಲಿಗೆ ಬಂದಾಗ ಆಯಿ ಇವನನ್ನು ಎತ್ತಿಕೊಂಡು ಪಕ್ಕದ ಮನೆಯ ಮಹಡಿ ಹತ್ತಿದಳು. ಅಜ್ಜ ಜೋಡಿ ಎತ್ತು ಬಿಚ್ಚಲು ಹೋದ. ಎದೆಮಟ್ಟ ನೀರು, ಸೆಳವು ಬೇರೆ. ಹಗ್ಗದ ಗಂಟು ಕೈಗೆ ಸಿಗಲಿಲ್ಲ. ಬರಿಗೈಯಲ್ಲಿ ಮರಳಿ ಬಂದ.

ರಾತ್ರಿಯೆಲ್ಲ ಕತ್ತಲಲ್ಲಿ ಕೊಟ್ಟಿಗೆಯಿಂದ ಎತ್ತಿನ ಕೊರಳ ಗಂಟೆ ಕೇಳುತ್ತಿತ್ತಂತೆ. ಬೆಳಗಿನ ಜಾವಕ್ಕೆ ಅದು ನಿಂತಿತು.

ಈ ಗಂಟೆಯ ವಿಷಯ ನಮಗೆ ಗೊತ್ತಾದದ್ದು ಬಹಳ ತಡವಾಗಿ. ಮೊದಲೇ ಗೊತ್ತಿದ್ದರೆ ಒಂದೆರಡು ತಪ್ಪು ತಪ್ಪುತ್ತಿದ್ದವು. ಊರವರೆಲ್ಲ ಹೇಳಿದ್ದು ಒಂದೇ ಮಾತು: "ಎತ್ತ ಹೋದ್ರ ಹೋಗಲಿ, ಮೂರೂ ಜೀವಾ ಉಳದಾವಲ್ಲ." ಸಮಾಧಾನಕ್ಕೆ ಹೇಳಿದ್ದು, ಖರೆ. ಆದರೆ ಆ ಮಗುವಿನ ಲೆಕ್ಕದಲ್ಲಿ ಮನೆಯ ಜೀವ ಮೂರಲ್ಲ, ಐದು.

ಮೊದಲು ನಾವು ಮಾಡಿದ್ದು

ಸಾಮಾನು ಹಂಚಲು ಬಂದ ಒಂದು ತಂಡದವರು ಮಕ್ಕಳನ್ನು ಸಾಲಾಗಿ ನಿಲ್ಲಿಸಿದರು. ಮೊಬೈಲ್ ಹಿಡಿದು "ನೀರು ಬಂದಾಗ ಏನಾಯ್ತು ಹೇಳು ಪುಟ್ಟ" ಎಂದು ಒಬ್ಬೊಬ್ಬರನ್ನೇ ಕೇಳಿದರು. ತಮ್ಮ ಅಂದಿನಿಂದ ಹೊರಗಿನವರನ್ನು ಕಂಡರೆ ಓಡುತ್ತಿದ್ದ.

ನಾನೂ ಒಳ್ಳೆಯದೆಂದುಕೊಂಡೇ ತಪ್ಪು ಮಾಡಿದೆ. ಹಾಳೆ, ಬಣ್ಣದ ಪೆನ್ಸಿಲ್ ಕೊಟ್ಟು "ಆ ದಿನದ ಚಿತ್ರ ತೆಗಿ" ಅಂದೆ. ಅವನು ಹಾಳೆ ನೋಡುತ್ತಲೇ ಇದ್ದ. ಚಡ್ಡಿ ಒದ್ದೆಯಾಯಿತು. ಉಳಿದ ಮಕ್ಕಳು ನೋಡಿದರು. ಆ ಹಾಳೆ ಈಗಲೂ ನನ್ನ ಬಳಿ ಇದೆ. ಅದರ ಮೇಲೆ ಒಂದು ಗೆರೆಯೂ ಇಲ್ಲ.

ಅದಾದ ಮೇಲೆ ಅವನನ್ನು ಧಾರವಾಡಕ್ಕೆ ಮನೋವೈದ್ಯರ ಬಳಿ ಕರೆದುಕೊಂಡು ಹೋದೆವು. ಅವರು ಹೇಳಿದ ಒಂದು ಮಾತು ಎಲ್ಲ ಶಿಕ್ಷಕರಿಗೂ ಗೊತ್ತಿರಬೇಕು. ಇಂಥ ಆಘಾತದ ನಂತರ ಮೊದಲ ಕೆಲವು ವಾರ ಮಕ್ಕಳು ಬೆಚ್ಚುವುದು, ಅಂಟಿಕೊಳ್ಳುವುದು, ಹಾಸಿಗೆ ಒದ್ದೆ ಮಾಡುವುದು ಸಹಜ. ಮನೆಯವರು ಜೊತೆಗಿದ್ದು, ಊಟ ನಿದ್ದೆ ಹೊತ್ತಿಗೆ ಸರಿಯಾಗಿ ಆದರೆ ಬಹಳ ಮಕ್ಕಳು ತಾವಾಗೇ ಸುಧಾರಿಸುತ್ತಾರೆ. ಒಂದು ತಿಂಗಳು ದಾಟಿಯೂ ಬಿಡದಿದ್ದರೆ, ನಿದ್ದೆ, ಶಾಲೆ, ಆಟ ಕೆಡುತ್ತಿದ್ದರೆ ತೋರಿಸಲೇಬೇಕು. ತಮ್ಮನಿಗೆ ಆಗ ಎರಡು ತಿಂಗಳು ದಾಟಿತ್ತು.

ಇಂಥ ಮಕ್ಕಳಿಗೆ ಮಾತಿನ ಮೂಲಕ ಕೊಡುವ ಚಿಕಿತ್ಸೆ ಇದೆ. ನಡೆದದ್ದನ್ನು ಸ್ವಲ್ಪ ಸ್ವಲ್ಪವಾಗಿ, ಭಯ ತಾಳಿಕೊಳ್ಳುವ ಹಾಗೆ ಹೇಳಿಸುವುದು ಅದರ ಒಂದು ಭಾಗ. ಇವನು ಬಾಯೇ ಬಿಡುತ್ತಿರಲಿಲ್ಲ. ವೈದ್ಯರು ಆಯಿಯನ್ನು ಕೇಳಿದರು: "ಮೊದಲು ಇವನಿಗೆ ಏನು ಸೇರುತ್ತಿತ್ತು?"

ಆಯಿ ಹೇಳಿದಳು: "ಶ್ರಾವಣದಾಗ ಮಠದಾಗ ಭಜನಿ ನಡದ್ರ ತಬಲಾದವ್ರ ಬಾಜೂಕ ಹೋಗಿ ಕುಂದರ್ತಿದ್ದನ್ರಿ. ತೊಡಿ ಬಡಕೋಂತ. ಎಬ್ಬಿಸಿದ್ರೂ ಏಳ್ತಿದ್ದಿಲ್ಲ."

"ಹಾಗಾದ್ರೆ ಅಲ್ಲಿಂದ ಶುರು ಮಾಡೋಣ" ಅಂದರು ವೈದ್ಯರು. "ಮೊದಲು ಮೈ ಶಾಂತ ಆಗಲಿ. ಮಾತು ಆಮೇಲೆ."

ಮೈ ಮೊದಲು, ಮಾತು ಆಮೇಲೆ

ಇದರ ಹಿಂದೆ ಕಾರಣ ಇದೆ. ಆಪತ್ತು ಬಂದಾಗ ಮೈ ಒಂದು ಎಚ್ಚರಿಕೆಗೆ ಹೋಗುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಉಸಿರು ಮೇಲೆ ಮೇಲೆ ಆಡುತ್ತದೆ, ಕೈಕಾಲು ಬಿಗಿಯುತ್ತವೆ. ಆಪತ್ತು ಹೋದ ಮೇಲೆ ಇದೆಲ್ಲ ಇಳಿಯಬೇಕು. ಕೆಲವು ಮಕ್ಕಳಲ್ಲಿ ಇಳಿಯುವುದಿಲ್ಲ. ಮೈ ಇನ್ನೂ ಆ ಮಹಡಿಯ ಮೇಲೇ ಇರುತ್ತದೆ. "ಈಗ ಏನೂ ಇಲ್ಲ ಮಗಾ, ಅಂಜಬ್ಯಾಡ" ಅಂದರೆ ಕಿವಿಗೆ ಬೀಳುತ್ತದೆ, ಮೈಗೆ ಮುಟ್ಟುವುದಿಲ್ಲ. 1996ರಲ್ಲಿ ಅಮೆರಿಕದಲ್ಲಿ ಆಘಾತಕ್ಕೆ ಒಳಗಾದ ಕೆಲವು ದೊಡ್ಡವರ ಮೆದುಳನ್ನು ಸ್ಕ್ಯಾನ್ ಮಾಡಿ ನೋಡಿದ್ದರು. ಆ ಘಟನೆ ನೆನಪಾದಾಗ ಮಾತು ಹೊರಡಿಸುವ ಎಡಭಾಗದ ಬ್ರೋಕಾ ಪ್ರದೇಶದ ಚಟುವಟಿಕೆಯೇ ಇಳಿದಿತ್ತು. ಮಗು ಹಟಕ್ಕೆ ಸುಮ್ಮನಿದೆ ಅಂದುಕೊಳ್ಳುವವರಿಗೆ ನಾನು ಇದನ್ನು ಹೇಳುತ್ತೇನೆ. ಆ ಹೊತ್ತಿನಲ್ಲಿ ಮಾತು ಸಿಗುವುದೇ ಕಷ್ಟ.

ಅಮೆರಿಕದ ಮಕ್ಕಳ ಮನೋವೈದ್ಯ ಬ್ರೂಸ್ ಪೆರ್ರಿ ವರ್ಷಗಳಿಂದ ಹೇಳುತ್ತಿರುವುದೂ ಇದೇ ಕ್ರಮ. ಮೊದಲು ಮೈ ತಣಿಯಬೇಕು, ನಂತರ ಒಬ್ಬರ ಮೇಲೆ ನಂಬಿಕೆ ಹುಟ್ಟಬೇಕು, ಬುದ್ಧಿಗೆ ಹೇಳುವುದು ಕೊನೆಗೆ. ಮೈ ತಣಿಸಲು ಬೇಕಾದದ್ದು ಒಂದೇ ಲಯದಲ್ಲಿ ಮತ್ತೆ ಮತ್ತೆ ಬರುವ ಕೆಲಸ. ನಡೆಯುವುದು, ತೂಗುವುದು, ಬಡಿಯುವುದು, ಹಾಡುವುದು. ಹಾಡಿಗೆ ಇನ್ನೊಂದು ಗುಣ ಇದೆ. ಉದ್ದದ ಸಾಲು ಹಾಡಿದರೆ ಉಸಿರು ನಿಧಾನಕ್ಕೆ ಹೊರಗೆ ಹೋಗುತ್ತದೆ. ಉಸಿರು ಬಿಡುವಾಗ ಎದೆಬಡಿತ ತುಸು ಇಳಿಯುತ್ತದೆ. ಕೂಸನ್ನು ತೊಟ್ಟಿಲಿಗೆ ಹಾಕಿ ತೂಗಿ ಹಾಡಿದ ಪ್ರತಿ ತಾಯಿಗೂ ಇದು ಗೊತ್ತಿದ್ದದ್ದೇ, ಅಲ್ವಾ?

ಮಾಸ್ತರು

ಗದಗಿನ ವೀರೇಶ್ವರ ಪುಣ್ಯಾಶ್ರಮ ನಮ್ಮ ಭಾಗದವರಿಗೆ ಹೇಳಿ ತಿಳಿಸಬೇಕಾದ್ದಲ್ಲ. ಪಂಚಾಕ್ಷರ ಗವಾಯಿಗಳು ಕಟ್ಟಿದ್ದು, ಪುಟ್ಟರಾಜ ಗವಾಯಿಗಳು (1914–2010) ಬೆಳೆಸಿದ್ದು. ಕಣ್ಣಿಲ್ಲದ ಎಷ್ಟೋ ಮಕ್ಕಳು ಅಲ್ಲಿ ಸಂಗೀತ ಕಲಿತು ಹೊಟ್ಟೆ ಹೊರೆದುಕೊಂಡಿದ್ದಾರೆ, ಊರೂರಿಗೆ ಹೋಗಿ ಕಲಿಸುತ್ತಿದ್ದಾರೆ. ಅಲ್ಲಿ ಕಲಿತ ಒಬ್ಬ ತಬಲಾ ಮಾಸ್ತರು ಪಕ್ಕದ ಊರಿನಲ್ಲಿದ್ದರು. ಅವರಿಗೂ ಕಣ್ಣಿಲ್ಲ. ಕೇಳಿದ ಕೂಡಲೇ ಒಪ್ಪಿದರು. "ಹುಡುಗನ್ನ ತಯಾರ ಮಾಡೂದ ಬ್ಯಾಡ ಅಲ್ರಿ? ಸುಮ್ನ ಬಾಜೂಕ ಕುಂದರಬೇಕು, ಹೌದಲ್ಲ?" ಎಂದು ಕೇಳಿದ್ದರು. ಅವರಿಗೆ ಅರ್ಥವಾಗಿತ್ತು.

ನವೆಂಬರ್‌ನಲ್ಲಿ ಶುರುವಾಯಿತು. ವಾರಕ್ಕೆ ಮೂರು ದಿನ, ಶಾಲೆ ಬಿಟ್ಟ ಮೇಲೆ, ಮಠದ ಕಟ್ಟೆಯ ಮೇಲೆ, ಇಪ್ಪತ್ತೇ ನಿಮಿಷ. ಜಾಗ ಅದೇ, ಹೊತ್ತು ಅದೇ. ಆಯಿ ಕಣ್ಣಿಗೆ ಕಾಣುವಷ್ಟು ದೂರದಲ್ಲಿ ಹತ್ತಿ ಬಿಡಿಸುತ್ತಾ ಕೂರುತ್ತಿದ್ದಳು. ತಬಲಾದ ಬಟ್ಟೆ ಬಿಚ್ಚಿ ಶುರು, ಬಟ್ಟೆ ಕಟ್ಟಿ ಮುಗಿಸುವುದು.

ಮೂರು ವಾರ ತಮ್ಮ ತಬಲಾ ಮುಟ್ಟಲಿಲ್ಲ. ಮಾಸ್ತರೂ ಮುಟ್ಟು ಅನ್ನಲಿಲ್ಲ. ತಮ್ಮದೇ ತೊಡೆಯ ಮೇಲೆ ಕೆಹರವಾ ತಟ್ಟುತ್ತಾ ಕೂರುತ್ತಿದ್ದರು. ಧಾ ಗೆ ನಾ ತಿ, ನಾ ಕ ಧಿ ನಾ. ಎಂಟು ಮಾತ್ರೆ. ಭಜನೆ ಕೇಳಿದವರ ಕಿವಿಯಲ್ಲಿ ಮೊದಲೇ ಕೂತಿರುವ ತಾಳ.

ನನಗೆ ಆಗ ಹೊಳೆದದ್ದು ಒಂದಿದೆ. ನಾವೆಲ್ಲ ಅವನನ್ನು ನೋಡುತ್ತಿದ್ದೆವು. ಕರುಣೆಯಿಂದಲೋ, ಕಾಳಜಿಯಿಂದಲೋ, ಸದಾ ನೋಡುತ್ತಲೇ ಇದ್ದೆವು. ಈ ಒಬ್ಬರು ಮಾತ್ರ ನೋಡುತ್ತಿರಲಿಲ್ಲ. ಅವರ ಪಕ್ಕ ತಮ್ಮನ ಭುಜ ಇಳಿಯುತ್ತಿತ್ತು. ಎರಡನೇ ವಾರದ ಕೊನೆಗೆ ಅವನ ಬಲಗಾಲಿನ ಹೆಬ್ಬೆರಳು ತಾಳಕ್ಕೆ ಏಳುತ್ತಿರುವುದನ್ನು ಕಂಡೆ. ಮಾಸ್ತರರಿಗೆ ಅದು ಕಾಣುವ ಹಾಗಿರಲಿಲ್ಲ. ಅವರು ಅವತ್ತು ಏಳುವಾಗ ಮೆಲ್ಲಗೆ ಅಂದರು: "ಹುಡುಗನ ಉಸಿರು ಸಮಕ್ಕ ಬರಾಕತ್ತೈತ್ರಿ ಅಕ್ಕೋರ."

ಹನ್ನೊಂದು ಸಲ ನಿಲ್ಲಿಸಿದ

ವೈದ್ಯರು ಒಂದು ನಿಯಮ ಹೇಳಿದ್ದರು. ಬೇಡ ಅನಿಸಿದರೆ ನಿಲ್ಲಿಸುವ ಅಧಿಕಾರ ಮಗುವಿಗೆ ಇರಬೇಕು. ಕೈ ಎತ್ತಿದರೆ ಸಾಕು ಎಂದು ನಾನು ಹೇಳಿಕೊಟ್ಟಿದ್ದೆ. ಆದರೆ ಮಾಸ್ತರರಿಗೆ ಕೈ ಕಾಣುವುದಿಲ್ಲ. ಅವರೇ ದಾರಿ ಹುಡುಕಿದರು. "ತಮ್ಮಾ, ಸಾಕು ಅನಸಿದ್ರ ಕಟ್ಟಿ ಮ್ಯಾಲ ಒಂದ ಏಟ ಹಾಕು. ನಾ ನಿಂದರ್ತೇನಿ."

ನಾಲ್ಕನೇ ವಾರ. ಕೆಹರವಾ ನಡೆದಿತ್ತು. ಟಪ್ ಎಂದು ಸದ್ದಾಯಿತು. ತಮ್ಮನ ಅಂಗೈ ಕಟ್ಟೆಯ ಮೇಲಿತ್ತು. ಮಾಸ್ತರರ ಕೈ ಅಲ್ಲೇ ನಿಂತಿತು. ಅವರು ಏನೂ ಕೇಳಲಿಲ್ಲ, ಕಾದರು. ಸ್ವಲ್ಪ ಹೊತ್ತಿಗೆ ಮತ್ತೆ ಶುರು ಮಾಡಿದರು. ಮತ್ತೆ ಟಪ್. ಮತ್ತೆ ನಿಂತರು. ನಾನು ಎಣಿಸಿದೆ, ಹನ್ನೊಂದು ಸಲ. ಹನ್ನೊಂದೂ ಸಲ ಅವರು ನಿಂತರು, ಒಮ್ಮೆಯೂ ಬೇಸರ ಮಾಡಲಿಲ್ಲ. ಹೊಳೆ ಇವನ ಮಾತು ಕೇಳಿರಲಿಲ್ಲ. ಮೊಬೈಲ್ ಹಿಡಿದವರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಇವತ್ತು ಇವನು ನಿಲ್ಲು ಅಂದರೆ ಒಬ್ಬರು ನಿಂತರು.

ಅಂದು ಮುಗಿದ ಮೇಲೆ ಮಾಸ್ತರು ಇನ್ನೊಂದು ಮಾತು ಹೇಳಿದರು. "ಈ ಹುಡುಗ ಬಡಿಯೋದಕ್ಕ ಅಂಜೂದಿಲ್ರಿ. ನಾ ನಿಂತಾಗ ಉಸಿರು ಹಿಡೀತಾನ. ಇವಂಗ ನಿಂದ್ರೂದರ ಅಂಜಿಕಿ."

ಅದನ್ನು ಕೇಳಿ ಆಯಿ ಅಳಲು ಶುರು ಮಾಡಿದಳು. ಗಂಟೆಯ ಕಥೆ ಆಗ ಹೊರಬಂತು. ರಾತ್ರಿಯೆಲ್ಲ ಹುಡುಗ ಅವಳ ಮಡಿಲಲ್ಲಿ "ಇನ್ನೂ ಅದಾವ, ಇನ್ನೂ ಅದಾವ" ಅನ್ನುತ್ತಿದ್ದನಂತೆ. ಗಂಟೆ ನಿಂತ ಮೇಲೆ ಅವನೂ ನಿಂತ.

ಇದನ್ನು ವೈದ್ಯರಿಗೆ ಫೋನಿನಲ್ಲಿ ಹೇಳಿದೆವು. ಅಲ್ಲಿಂದ ಕೆಲಸದ ದಿಕ್ಕೇ ಬದಲಾಯಿತು. ಅದುವರೆಗೆ ನಮ್ಮ ತಲೆಯಲ್ಲಿದ್ದದ್ದು ಸದ್ದಿನ ಭಯ. ಈಗ ಮಾಸ್ತರು ಅವನಿಗೆ ತಾಳದ ಒಳಗಿನ ಖಾಲಿಯನ್ನು ತೋರಿಸಿದರು. ಕೆಹರವಾದಲ್ಲಿ ಮೊದಲ ಮಾತ್ರೆ ಸಮ. ಅಲ್ಲಿ ಎಡಗೈಯ ಡಗ್ಗಾ ಗುಂ ಅನ್ನುತ್ತದೆ. ಐದನೆಯದು ಖಾಲಿ. ಚಪ್ಪಾಳೆ ಇಲ್ಲ, ಕೈ ಗಾಳಿಯಲ್ಲಿ ಬೀಸಿ ಬಿಡುವುದು. ತಿ, ನಾ, ಕ ಬರುವಷ್ಟು ಹೊತ್ತು ಡಗ್ಗಾದ ಗುಂಕಾರ ಇರುವುದಿಲ್ಲ. ಧಿ ಎಂದಾಗ ಅದು ತಿರುಗಿ ಬರುತ್ತದೆ. ಪ್ರತಿ ಸುತ್ತಿನಲ್ಲೂ ಹೋಗುತ್ತದೆ, ಪ್ರತಿ ಸುತ್ತಿನಲ್ಲೂ ಬರುತ್ತದೆ. ಮಾಸ್ತರು ತಮ್ಮನ ಎಡ ಅಂಗೈಯನ್ನು ಡಗ್ಗಾದ ಲೋಹದ ಮೈಗೆ ಒತ್ತಿ ಹಿಡಿಸುತ್ತಿದ್ದರು. ಗುಂ ಎಂದು ಕೈಗೆ ತಾಗುವುದು, ಇಲ್ಲವಾಗುವುದು, ಮತ್ತೆ ತಾಗುವುದು. ವಾರಗಟ್ಟಲೆ ಇದೇ. ನೋಡುವವರಿಗೆ ಏನೂ ನಡೆಯುತ್ತಿಲ್ಲ ಅನಿಸುತ್ತಿತ್ತು.

ಡಿಸೆಂಬರ್ ಎರಡನೇ ವಾರದ ಒಂದು ಸಂಜೆ ಮಾಸ್ತರು ಬೋಲ್, ಅಂದರೆ ತಾಳದ ಅಕ್ಷರಗಳನ್ನು, ಬಾಯಲ್ಲಿ ಹೇಳುತ್ತಾ ಕೊನೆಯ ಅಕ್ಷರ ಬಿಟ್ಟರು. ಧಾ ಗೆ ನಾ ತಿ, ನಾ ಕ ಧಿ... ಒಂದು ಕ್ಷಣ ಖಾಲಿ. ಪಕ್ಕದಿಂದ ಸಣ್ಣ ದನಿ ಬಂತು: "ನಾ."

ನಾಲ್ಕು ತಿಂಗಳ ನಂತರ ಆಯಿಯ ಹೊರತು ಬೇರೆಯವರು ಕೇಳಿದ ಮೊದಲ ದನಿ ಅದು. ನಮ್ಮ ಕಡೆ 'ನಾ' ಅಂದರೆ ನಾನು. ಬೋಲ್‌ಗೆ ಆ ಅರ್ಥ ಇಲ್ಲ, ಗೊತ್ತು. ಆದರೂ ಮೈ ಜುಮ್ ಅಂತು. ಬೋಲ್‌ಗೆ ಅರ್ಥ ಇಲ್ಲದಿರುವುದೇ ಇವನಿಗೆ ಅನುಕೂಲ ಆಯಿತೇನೋ. ಬಾಯಿ ತೆರೆಯಬಹುದು, ಆದರೆ ಏನನ್ನೂ ಹೇಳಬೇಕಾಗಿಲ್ಲ.

ಹಿಂದೆ ಬಿದ್ದದ್ದು

ಜನವರಿ 26ರ ಕಾರ್ಯಕ್ರಮಕ್ಕೆ ತಮ್ಮನೂ ಬರಲಿ ಅಂದುಕೊಂಡೆವು. ತಾಳ ಇಷ್ಟ ಅಲ್ಲವೇ, ಹಲಗಿ ಮೇಳ ಕೇಳಲಿ ಎಂದು. ಮೇಳದವರು ಅವನ ಹಿಂದಿನಿಂದ ಒಮ್ಮೆಲೇ ಬಾರಿಸಲು ಶುರು ಮಾಡಿದರು. ಆಮೇಲೆ ನೋಡಿದರೆ ಹುಡುಗ ಇಲ್ಲ. ನೀರಿನ ಟಾಕಿಯ ಹಿಂದೆ ಮಣ್ಣಿಗೆ ಮುಖ ಒತ್ತಿ ಮಲಗಿದ್ದ. ಸುಮಾರು ಮೂರು ವಾರ ಮಠಕ್ಕೆ ಬರಲಿಲ್ಲ. ಹಾಸಿಗೆ ಮತ್ತೆ ಒದ್ದೆಯಾಗತೊಡಗಿತು.

ಹಲಗಿ ಕೆಟ್ಟದ್ದು ಅಂತಲ್ಲ. ಅದರ ಗತ್ತಿಗೆ ಕುಣಿದು ಹಗುರಾದ ಎಷ್ಟೋ ಮಕ್ಕಳಿದ್ದಾರೆ. ಇವನಿಗೆ ಅದು ಹೇಳದೆ ಕೇಳದೆ ಬಂತು, ದೊಡ್ಡದಾಗಿ ಬಂತು, ನಿಲ್ಲಿಸಲು ಆಗುವಂತಿರಲಿಲ್ಲ. ಸಂಗೀತ ಅಂದಮಾತ್ರಕ್ಕೆ ಒಳ್ಳೆಯದಾಗುವುದಿಲ್ಲ. ಮಕ್ಕಳನ್ನು ವೇದಿಕೆಗೆ ಹತ್ತಿಸಲು ನಮಗೆ ಅವಸರ ಜಾಸ್ತಿ. ಗುಣವಾಗುತ್ತಿರುವ ಮಗುವಿಗೆ ಚಪ್ಪಾಳೆ ತಟ್ಟುವ ಜನ ಬೇಡ, ಜೊತೆಗೆ ತಾಳ ಹಾಕುವ ಒಬ್ಬರು ಸಾಕು.

ಆ ಮೂರು ವಾರ ಮನೆಯನ್ನು ಹಿಡಿದು ನಿಲ್ಲಿಸಿದವಳು ಆಯಿ. ನೆರೆಯ ಮೊದಲು ಅವಳು ರಾತ್ರಿ ಇವನ ಬೆನ್ನು ತಟ್ಟುತ್ತಾ ಬೀಸುವ ಪದ ಹಾಡುತ್ತಿದ್ದಳಂತೆ. ನೆರೆಯ ನಂತರ ಬಿಟ್ಟಿದ್ದಳು. "ಎತ್ತ ಹೋದ ಮನ್ಯಾಗ ಏನ್ ಹಾಡ್ರಿ." ವೈದ್ಯರು ಮತ್ತೆ ಹಾಡಲು ಹೇಳಿದರು. ಔಷಧದ ಹಾಗೆ ದಿನಾ, ಒಂದೇ ಹೊತ್ತಿಗೆ. ಮೊದಲ ರಾತ್ರಿ ಎರಡು ಸಾಲಿಗೆ ಗಂಟಲು ಕಟ್ಟಿತಂತೆ. ಅಜ್ಜ ಕತ್ತಲಲ್ಲಿ ಮೂರನೇ ಸಾಲು ಎತ್ತಿಕೊಂಡ. ಅಜ್ಜನಿಗೆ ಆ ಪದ ಬರುತ್ತದೆಂದು ಆಯಿಗೇ ಗೊತ್ತಿರಲಿಲ್ಲ.

ಜೋಳದ ಮಳೆ

ಫೆಬ್ರುವರಿ ಮೂರನೇ ವಾರಕ್ಕೆ ಅವನೇ ಮಠಕ್ಕೆ ಬಂದ. ಈಗ ಮಳೆಯ ಸದ್ದಿನ ಕೆಲಸ ಬಾಕಿ ಇತ್ತು. ಮನೆ ಬಿದ್ದು ಅವರು ತಗಡಿನ ಶೆಡ್‌ನಲ್ಲಿದ್ದರು. ತಗಡಿನ ಮೇಲೆ ನಾಲ್ಕು ಹನಿ ಬಿದ್ದರೂ ಜಡಿಮಳೆಯ ಸದ್ದು. ಮುಂಗಾರಿನ ಮೊದಲು ಏನಾದರೂ ಮಾಡಲೇಬೇಕಿತ್ತು.

ವೈದ್ಯರ ಸಲಹೆಯಂತೆ ಒಂದು ಪರಾತ ಬೋರಲು ಹಾಕಿ, ತಮ್ಮನ ಮುಷ್ಟಿಗೆ ಹೊಸ ಜೋಳ ಕೊಟ್ಟೆವು. ಕಾಳು ಬಿಡುವವನು ಅವನೇ, ನಿಲ್ಲಿಸುವವನೂ ಅವನೇ. ಮೊದಲ ದಿನ ಒಂದೊಂದೇ ಕಾಳು ಹಾಕಿದ. ಟಣ್. ಕಾದ. ಟಣ್. ವಾರ ಕಳೆಯುವಷ್ಟರಲ್ಲಿ ಹಿಡಿ ತುಂಬ ಸುರಿಯುತ್ತಿದ್ದ. ಸದ್ದು ಜೋರಾದರೆ ಮಾಸ್ತರು ಅದರ ಕೆಳಗೆ ಕೆಹರವಾ ಹಿಡಿಯುತ್ತಿದ್ದರು. ಎರಡು ಸಂಜೆ ಓಣಿಯ ಇನ್ನಿಬ್ಬರು ಹುಡುಗರೂ ಬಂದು ಕೂತರು. ಮೂವರೂ ಸೇರಿ ತಾಳ ಹಾಕಿದರು, ಮುಗಿದ ಮೇಲೆ ಚೆಲ್ಲಿದ ಕಾಳನ್ನು ಮೂವರೂ ಆರಿಸಿದರು. ಜರ್ಮನಿಯಲ್ಲಿ ನಾಲ್ಕು ವರ್ಷದ ಮಕ್ಕಳ ಮೇಲೆ ಮಾಡಿ 2010ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ನೆನಪಾಯಿತು. ಜೊತೆಯಾಗಿ ಹಾಡಿ ಬಾರಿಸಿದ ಮಕ್ಕಳು ಆಮೇಲೆ ಒಬ್ಬರಿಗೊಬ್ಬರು ಹೆಚ್ಚು ನೆರವಾದರಂತೆ. ಅಂಥ ಒಂದು ಸಂಜೆ ಓಣಿಯ ಹುಡುಗರಲ್ಲೊಬ್ಬನಿಗೆ ತಮ್ಮ "ಅಲ್ಲೊಂದ ಕಾಳ ಐತಿ" ಅಂದ.

ಮಾರ್ಚ್‌ನಲ್ಲಿ ಕೊರೊನಾ ಬಂದು ಶಾಲೆ ಮುಚ್ಚಿತು. ಮಾಸ್ತರು ಬರುವಂತಿರಲಿಲ್ಲ. ಅಲ್ಲಿಗೆ ನಮ್ಮ ಕೆಲಸ ಅರ್ಧಕ್ಕೇ ನಿಂತಿತು. ಅಪ್ಪ, ಅವ್ವ ಗೋವಾದಿಂದ ಮರಳಿದರು.

ಏಪ್ರಿಲ್‌ನಲ್ಲಿ ಒಂದು ಅಡ್ಡಮಳೆ ಹೊಡೆಯಿತು. ಏನಾಯಿತೋ ಎಂದು ಮರುದಿನ ಬೆಳಿಗ್ಗೆ ಆಯಿಗೆ ಫೋನ್ ಮಾಡಿದೆ. ತಗಡು ಹಾರಿ ಹೋಗುವ ಹಾಗೆ ಸದ್ದಾಯಿತಂತೆ. ತಮ್ಮ ಮೊದಲು ಕಿವಿ ಮುಚ್ಚಿಕೊಂಡ. ಆಮೇಲೆ ಪ್ಲಾಸ್ಟಿಕ್ ಬಕೆಟ್ ಬೋರಲು ಹಾಕಿಕೊಂಡು ಮಳೆ ನಿಲ್ಲುವವರೆಗೂ ಬಡಿಯುತ್ತಾ ಕೂತ. ಕೊನೆಗೆ ಅಂದನಂತೆ: "ಆಯಿ, ಈ ಮಳಿಗೆ ತಾಳಾನ ಗೊತ್ತಿಲ್ಲ."

ಏನು ಹೇಳಬಹುದು, ಏನು ಹೇಳಬಾರದು

ಇದು ಒಬ್ಬ ಹುಡುಗನ ವಿಷಯ. ವೈದ್ಯರ ಭೇಟಿ ನಡುನಡುವೆ ನಡೆದೇ ಇತ್ತು. ಮಾತು ಬಂದ ಮೇಲೆ ಅವರ ಚಿಕಿತ್ಸೆಯೂ ಮುಂದೆ ಸಾಗಿತು. ಕಾಲ ಕಳೆಯಿತು, ಅಪ್ಪ ಅವ್ವ ಬಂದರು, ಆಯಿ ಹಾಡಿದಳು. ಯಾವುದರಿಂದ ಎಷ್ಟು ಗುಣವಾಯಿತು ಎಂದು ಬಿಡಿಸಿ ಹೇಳಲು ಆಗುವುದಿಲ್ಲ. ತಬಲಾ ಕಲಿಸಿದರೆ ಆಘಾತ ಹೋಗುತ್ತದೆ ಎಂದು ಯಾರೂ ಓದಿಕೊಳ್ಳಬಾರದು. ತಾಳದಿಂದ ಮೈ ತಣಿಯಿತು, ಮೈ ತಣಿದ ಮೇಲೆ ಬಾಗಿಲು ತೆರೆಯಿತು. ನಾನು ಕಣ್ಣಾರೆ ಕಂಡದ್ದು ಇಷ್ಟು.

ನಿಮ್ಮ ತರಗತಿಯಲ್ಲೂ ಇಂಥ ಮಗು ಇದ್ದರೆ ತಿಂಗಳುಗಟ್ಟಲೆ ಕಾಯಬೇಡಿ. ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆ ಇದೆ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416, ದಿನದ ಯಾವ ಹೊತ್ತಿಗೂ ಕರೆ ಮಾಡಬಹುದು. ಮಕ್ಕಳ ಸಹಾಯವಾಣಿ 1098. ತಬಲಾ ಸಿಗದಿದ್ದರೂ ಚಿಂತೆ ಇಲ್ಲ. ಜೋಕಾಲಿ, ಕುಂಟೆಬಿಲ್ಲೆ, ಕೋಲಾಟ, ಬೆನ್ನು ತಟ್ಟುವ ಕೈ, ಎಲ್ಲದರಲ್ಲೂ ಲಯ ಇದೆ. ಮುಂದಿನ ಏಟು ಯಾವಾಗ ಬರುತ್ತದೆ ಎಂದು ಮಗುವಿಗೆ ಗೊತ್ತಿರಬೇಕು. ಬೇಡ ಅಂದರೆ ಅದು ನಿಲ್ಲಬೇಕು.

2020ರ ಜೂನ್‌ನಲ್ಲಿ ಕಾರ ಹುಣ್ಣಿಮೆಯ ದಿನ ಊರಿಗೆ ಹೋಗಿದ್ದೆ. ಕೊರೊನಾದಿಂದಾಗಿ ಹಬ್ಬ ಸಣ್ಣಗಿತ್ತು. ಆದರೂ ಕೋಡಿಗೆ ಬಣ್ಣ ಬಳಿದ ನಾಲ್ಕೈದು ಜೋಡಿ ಎತ್ತು ಗೆಜ್ಜೆ ಕಟ್ಟಿಕೊಂಡು ಓಣಿಯಲ್ಲಿ ಹಾದವು. ತಮ್ಮ ಶೆಡ್‌ನ ಬಾಗಿಲವರೆಗೆ ಬಂದು ನಿಂತ. ಬಲಗೈ ತೊಡೆಯ ಮೇಲೆ ಮೆಲ್ಲಗೆ ಆಡುತ್ತಿತ್ತು. ಎತ್ತುಗಳು ತಿರುವಿನಾಚೆ ಹೋದವು, ಗೆಜ್ಜೆಯ ಸದ್ದು ನಿಂತಿತು. ಕೈ ನಿಲ್ಲಲಿಲ್ಲ.

ಹಬ್ಬಕ್ಕೆ ಕಟ್ಟುವ ಗಂಟೆ ಸರ ಒಂದು ಆಯಿಯ ಟ್ರಂಕಿನಲ್ಲಿ ಉಳಿದಿದೆ. ಅದನ್ನು ಅವನು ಇನ್ನೂ ಕೇಳಿಲ್ಲ. ನಾವೂ ತೆಗೆದಿಲ್ಲ.